ದೇವರ ಜಗಲಿಯ ಮೇಲೆ ಬಿಟ್ಟು ಬಂದದ್ದು

ನಿಪ್ಪಾಣಿ
6 ಏಪ್ರಿಲ್ 2024

ಅವ್ವಾ,

ನಿಪ್ಪಾಣಿಗೆ ಬಂದು ಸೇರಿದ್ದೇನೆ. ಆರಾಮ ಇದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಪತ್ರದ ಮೊದಲ ಸಾಲಿಗೇ ಸುಳ್ಳು ಬರೆಯುವ ರೂಢಿ ನನಗೆ ಬೇಡ.

ಬಂದ ದಿನದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿ ಸಲವೂ ಕಾಕಾನ ಮಗ ದುಂಡೇಶನೇ ಎತ್ತುತ್ತಾನೆ. "ದೊಡ್ಡವ್ವ ಫೋನನ್ಯಾಗ ಮಾತಾಡೂದಿಲ್ಲಂತ ಅಕ್ಕಾ. ಏನ ಇದ್ರೂ ಪತ್ರಾ ಬರಿ ಅಂದಾಳ," ಎನ್ನುತ್ತಾನೆ. ಈ ಕಾಲದಲ್ಲಿ ಪತ್ರ! ಇರಲಿ. ನನ್ನ ದನಿ ಕೇಳುವುದೂ ಬೇಡವಾಗಿದ್ದರೆ ಅಕ್ಷರವನ್ನಾದರೂ ನೋಡು.

ತೋಟದ ಶೆಡ್ಡಿನಲ್ಲಿ ನಡೆದದ್ದನ್ನು ಕಾಕಾ ಐನಾಪುರದ ತುಂಬ ಬೇರೆ ಬಗೆಯಾಗಿ ಹೇಳಿಕೊಂಡು ತಿರುಗುತ್ತಿದ್ದಾನಂತೆ. ನಡೆದದ್ದು ಇಷ್ಟು. ಒಣಹಾಕಿದ ಬಲೆಯಿಂದ ಒಣದ್ರಾಕ್ಷಿ ಇಳಿಸುವ ದಿನ. ಹೆಣ್ಣಾಳುಗಳಿಗೆಲ್ಲ ಕಾಗದದ ಕಪ್ಪಿನಲ್ಲಿ ಚಹಾ, ನಮಗೆ ಸ್ಟೀಲಿನ ಲೋಟದಲ್ಲಿ. ಕಾಗದದ ಕಪ್ಪು ಮುಗಿದಿತ್ತು. ನಾನು ನನ್ನ ಲೋಟದಲ್ಲೇ ಲಗಮವ್ವನಿಗೆ ಚಹಾ ಕೊಟ್ಟೆ. ನಾನು ಹುಟ್ಟುವ ಮೊದಲಿಂದಲೂ ನಮ್ಮ ತೋಟದಲ್ಲಿ ದುಡಿದ ಲಗಮವ್ವ. ಅವಳು ಕುಡಿದು ಕೆಳಗಿಟ್ಟ ಲೋಟವನ್ನು ಕಾಕಾ ಎರಡು ಬೆರಳಿನಲ್ಲಿ ಎತ್ತಿ ಮುಳ್ಳಬೇಲಿಗೆ ಒಗೆದ. ಅವಳ ಕಣ್ಣೆದುರಿಗೇ.

"ಯಾಕ ಒಗದಿ ಕಾಕಾ?" ಅಂದೆ.

"ಒಂದ ಲೋಟಾ ಹೋತು, ಬ್ಯಾರೆ ತಂದ್ರಾತು. ಅದೇನ ದೊಡ್ಡ ಮಾತ?"

"ಕೊರಳಾಗ ಲಿಂಗಾ ಕಟಗೊಂಡು ಈ ಮಾತ ಆಡ್ತಿಯಲ್ಲ. ಎಲ್ಲಾರೂ ಒಂದ ಅಂತ ಹೇಳೇ ಕಟ್ಟಿದ್ದಲ್ಲೇನು ಇದನ್ನ?"

"ಹೌದ, ಕಟಗೊಂಡಾವ್ರು ಒಂದ. ಲಗಮವ್ವ ಕಟಗೊಂಡಾಳೇನು? ಹತ್ತ ರೂಪಾಯಿ ಪುಸ್ತಕಾ ಓದಿ ಬಾಯಿ ಬಂದೈತಿ ನಿನಗ."

ಬಾಯಿ ಬಂದದ್ದು ನಿಜ. ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಆ ಹತ್ತು ರೂಪಾಯಿಯ ವಚನದ ಪುಸ್ತಕಗಳಲ್ಲಿ ಮೇಲುಕೀಳು ಇಲ್ಲ ಎಂದು ಬರೆದದ್ದನ್ನು ನಾನು ನಂಬಿದೆ. ನಮ್ಮ ಮನೆಯವರು ಅದನ್ನು ಕೊರಳಿಗೆ ಕಟ್ಟಿಕೊಂಡರು, ನಂಬಲಿಲ್ಲ. ಅದಕ್ಕೇ ಮನೆಗೆ ಬಂದು ದಾರ ಬಿಚ್ಚಿ ಲಿಂಗವನ್ನು ದೇವರ ಜಗಲಿಯ ಮೇಲಿಟ್ಟೆ. ಆಡಿದ ಮಾತನ್ನು ಮತ್ತೆ ಬರೆಯುತ್ತೇನೆ, ಮರೆತಿದ್ದರೆ ನೆನಪಾಗಲಿ: ಈ ಮನೆಯಲ್ಲಿ ಇದು ಬರೀ ಕಲ್ಲು. ಲಗಮವ್ವ ಈ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವವರೆಗೆ ಈ ಹೊಸ್ತಿಲು ತುಳಿಯುವುದಿಲ್ಲ.

ನನಗೆ ಕಾಕಾನ ಮೇಲೆ ಸಿಟ್ಟಿಲ್ಲ ಅವ್ವಾ. ಅವನು ಅಂಥವನೇ. ಸಿಟ್ಟು ನಿನ್ನ ಮೇಲೆ. ನೀನು ಒಲೆಯ ಮುಂದೆ ಕೂತಿದ್ದೆ. ಎಲ್ಲ ಕೇಳಿದೆ. ಒಂದೇ ಒಂದು ಮಾತು ಆಡಲಿಲ್ಲ.

ಇಲ್ಲಿ ಬೀಡಿ ಕಟ್ಟುವ ಹೆಂಗಸರ ಸಂಘದಲ್ಲಿ ಕೆಲಸ ಸಿಕ್ಕಿದೆ. ವಿಳಾಸ ಲಕೋಟೆಯ ಮೇಲೆ ಬರೆದಿದ್ದೇನೆ. ಜಗಲಿಯ ಮೇಲೆ ಬಿಟ್ಟು ಬಂದದ್ದನ್ನು ಏನು ಮಾಡಿದಿರಿ, ತಿಳಿಸು. ಹೊಳೆಗೆ ಬಿಟ್ಟಿದ್ದರೂ ನನಗೇನೂ ಅನ್ನಿಸುವುದಿಲ್ಲ.

ಸೌಂದರ್ಯಾ


ಐನಾಪುರ
28 ಏಪ್ರಿಲ್ 2024

ಮಗಳು ಸೌಂದರ್ಯಾಗೆ ಅವ್ವನ ಆಶೀರ್ವಾದ.

ನಿನ್ನ ಪತ್ರ ಬಂತು. ನಾನು ಏಳನೆಯ ಇಯತ್ತೆ ಕಲಿತವಳು, ಬರೆಯುವುದು ಬಿಟ್ಟು ಬಹಳ ವರ್ಷವಾಯಿತು, ತಪ್ಪಿದ್ದರೆ ತಿದ್ದಿಕೊಂಡು ಓದು.

ಈ ಸಲದ ಒಣದ್ರಾಕ್ಷಿಗೆ ಬಣ್ಣ ಚೆನ್ನಾಗಿ ಬಂತು. ಎಲ್ಲ ಮಾರಾಟವಾಗಿ ಹೋಯಿತು. ನಿನಗೆಂದು ಒಂದು ಡಬ್ಬಿ ತೆಗೆದಿಟ್ಟಿದ್ದೇನೆ. ಬಿಸಿಲು ಜೋರು. ಟೊಂಗೆ ಕತ್ತರಿಸುವ ಚಾಟ್ನಿ ಮುಗಿದು ಬಳ್ಳಿಗಳೆಲ್ಲ ಬೋಳಾಗಿ ನಿಂತಿವೆ. ದುಂಡೇಶ ಹೊಸ ಫೋನ್ ತಂದಿದ್ದಾನೆ, ಊಟಕ್ಕೆ ಕೂತಾಗಲೂ ಕೆಳಗಿಡುವುದಿಲ್ಲ.

ಅಲ್ಲಿ ಊಟಕ್ಕೆ ಏನು ಮಾಡುತ್ತೀ? ಖೋಲಿಗೆ ಬಾಗಿಲ ಅಗಳಿ ಗಟ್ಟಿ ಇದೆಯೇ? ನೀನು ಸಿಟ್ಟಿನಲ್ಲಿ ಉಪವಾಸ ಮಲಗುವವಳು. ಸಿಟ್ಟು ಮಾಡು, ಬೇಡ ಅನ್ನುವುದಿಲ್ಲ, ಉಂಡು ಮಾಡು.

ನಾನು ಮಾತಾಡಲಿಲ್ಲ ಎಂದು ಬರೆದಿದ್ದೀ. ನಿಜ, ಮಾತಾಡಲಿಲ್ಲ.

ಫೋನ್ ಬೇಡ. ಪತ್ರ ಬರೆ. ಓದಿದ್ದನ್ನು ಮತ್ತೆ ಓದಲು ಬರುತ್ತದೆ.

ನಿನ್ನ ಅವ್ವ
ಗೌರಾಬಾಯಿ


ನಿಪ್ಪಾಣಿ
17 ಜೂನ್ 2024

ಅವ್ವಾ,

ಡಬ್ಬಿಯ ಬಗ್ಗೆ ಬರೆದೆ, ದುಂಡೇಶನ ಫೋನಿನ ಬಗ್ಗೆ ಬರೆದೆ, ಬಾಗಿಲ ಅಗಳಿ ಕೇಳಿದೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ಜಗಲಿಯ ಮೇಲಿನದು ಏನಾಯಿತು?

ಮಳೆ ಹಿಡಿದಿದೆ. ನಾನಿರುವುದು ಸುಂದರಾಬಾಯಿ ಎಂಬ ಬೀಡಿ ಕಟ್ಟುವ ಹೆಂಗಸಿನ ಮನೆಯ ಹಿಂದಿನ ಖೋಲಿ. ಹಾಸಿಗೆ, ಸೀರೆ, ರೊಟ್ಟಿ, ಎಲ್ಲಕ್ಕೂ ತಂಬಾಕಿನ ವಾಸನೆ. ಇಲ್ಲಿಯ ಹೆಂಗಸರು ಮರಾಠಿ ಬೆರೆಸಿ ಕನ್ನಡ ಆಡುತ್ತಾರೆ, ಮೊಣಕಾಲ ಮೇಲೆ ಮೊರ ಇಟ್ಟುಕೊಂಡು ಇಡೀ ದಿನ ಬೀಡಿ ಕಟ್ಟುತ್ತಾರೆ. ಸಂಜೆ ಗುತ್ತಿಗೆದಾರ ಬಂದು ಹಿಡಿಹಿಡಿಯಾಗಿ ಆರಿಸಿ ಇವು ಸರಿಯಿಲ್ಲ, ಇವಕ್ಕೆ ಕೂಲಿ ಇಲ್ಲ ಎನ್ನುತ್ತಾನೆ. ಸರಿಯಿಲ್ಲದ್ದನ್ನು ಒಗೆಯುತ್ತಾನೆಯೇ? ಇಲ್ಲ, ತನ್ನ ಚೀಲಕ್ಕೇ ಹಾಕಿಕೊಳ್ಳುತ್ತಾನೆ! ಮೊನ್ನೆ ಅವನ ಚೀಲ ಹಿಡಿದು ನಿಂತೆ. "ಸರಿ ಇಲ್ಲಂದ್ರ ಇಲ್ಲೇ ಸುಡೂಣು, ತಗೀರಿ ಹೊರಗ," ಅಂದೆ. ಹೆಂಗಸರೆಲ್ಲ ನಕ್ಕರು. ಅವನು ಆ ದಿನದ ಮಟ್ಟಿಗೆ ಕೂಲಿ ಹಿಡಿಯಲಿಲ್ಲ. ಮರುದಿನ ಮತ್ತೆ ಹಿಡಿದ.

ಹೀಗೆ. ಒಂದು ಗೆದ್ದರೆ ಮರುದಿನ ಅದೇ ಜಗಳ ಮೊದಲಿನಿಂದ. ನಾನು ಬರೆದ ಕರಪತ್ರಗಳನ್ನು ಮನೆಮನೆಗೆ ಹಂಚಿ ಬರುತ್ತೇನೆ. ಮರುದಿನ ನೋಡಿದರೆ ಅದೇ ಕರಪತ್ರದಲ್ಲಿ ಚುನಮರಿ ಕಟ್ಟಿ ಮಕ್ಕಳ ಕೈಗೆ ಕೊಟ್ಟಿರುತ್ತಾರೆ. ಸಿಟ್ಟು ಬರುತ್ತದೆ, ಆಮೇಲೆ ಆ ಮಕ್ಕಳಿಗೇ ಓದಿ ಹೇಳುತ್ತೇನೆ.

ಒಂದು ಕಡೆ ಕೂರಲು ಆಗುತ್ತಿಲ್ಲ ಅವ್ವಾ. ಪುಸ್ತಕ ತೆರೆದರೆ ಒಂದು ಪುಟ ಮುಗಿಯುವುದರೊಳಗೆ ಎದ್ದುಬಿಡುತ್ತೇನೆ. ಬಾಗಿಲಿಗೆ ಹೋಗಿ ಬರುತ್ತೇನೆ. ನೀರು ಕುಡಿಯುತ್ತೇನೆ, ಮತ್ತೆ ಎದ್ದು ನೀರು ಕುಡಿಯುತ್ತೇನೆ. ಸುಂದರಾಬಾಯಿ ಬಯ್ಯುತ್ತಾಳೆ: "ಕಾಯ ಗ ಪೋರಿ, ಕೂತ ಜಾಗಾದಾಗ ಮುಳ್ಳ ಅದಾವೇನ ನಿನಗ? ಒಂದ ಘಳಿಗಿ ಕೂಡ ನೋಡೂಣು!"

ಇನ್ನೊಂದು ಮಾತು. ಬರೆಯಬಾರದೆಂದಿದ್ದೆ. ಚಿಕ್ಕೋಡಿಯ ಬಸ್ಸಿನಲ್ಲಿ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಎಲ್ಲರೂ ಮುಂದಿನ ಸೀಟು ಹಿಡಿದರು. ನನ್ನ ಕೈ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಸುಂದರಾಬಾಯಿ, "ಏನ ಹುಡುಕಾಕತ್ತಿ?" ಅಂದಳು. "ಏನಿಲ್ಲ" ಅಂದೆ.

ಇದು ಹುಟ್ಟಿನಿಂದ ಬಂದ ಚಟ, ಬೇರೆ ಏನೂ ಅಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ. ಹೋಗುತ್ತದೆ, ಕೆಲವು ದಿನಕ್ಕೆ ಬಿಡುತ್ತದೆ. ಸಮಾಧಾನ ನನಗೆ ಬೇಕಾಗಿಯೂ ಇಲ್ಲ. ಇಷ್ಟು ಅನ್ಯಾಯದ ನಡುವೆ ಸಮಾಧಾನದಿಂದ ಇರುವವರನ್ನು ಕಂಡರೆ ನನಗೆ ಅನುಮಾನ. ನಿನ್ನನ್ನು ಕಂಡರೂ.

ಸೌಂದರ್ಯಾ


ಐನಾಪುರ
11 ಜುಲೈ 2024

ಮಗಳಿಗೆ ಅವ್ವ ಬರೆಯುವುದು.

ಹೊಳೆ ಏರುತ್ತಿದೆ. ಇನ್ನೆರಡು ದಿನ ಹೀಗೇ ಸುರಿದರೆ ಸೇತುವೆ ಮುಳುಗುತ್ತದೆ, ಅದಕ್ಕೇ ಅವಸರದಲ್ಲಿ ಬರೆದು ದುಂಡೇಶನ ಕೈಯಲ್ಲಿ ಕಾಗವಾಡಕ್ಕೆ ಕಳಿಸುತ್ತಿದ್ದೇನೆ. ನನಗೆ ಸ್ವಲ್ಪ ಗಂಟಲು ಕೆಟ್ಟಿದೆ, ಹವಾ ಥಂಡಿ.

ನೀನು ಹೋದ ಮರುದಿನ ಮುಳ್ಳಬೇಲಿಗೆ ಕೈ ಹಾಕಿ ಆ ಲೋಟ ತೆಗೆದೆ. ಕೈ ತರಚಿತು. ಲೋಟಕ್ಕೆ ಏನೂ ಆಗಿರಲಿಲ್ಲ. ಈಗ ಶೆಡ್ಡಿನಲ್ಲಿ ನಾನು ಅದರಲ್ಲೇ ಚಹಾ ಕುಡಿಯುತ್ತೇನೆ. ಲಗಮವ್ವನೂ ಅದರಲ್ಲೇ ಕುಡಿಯುತ್ತಾಳೆ. ಯಾರು ಮೊದಲು ಬಂದರೆ ಅವರು ಮೊದಲು. ಮೊದಮೊದಲು ಅವಳೇ ಹೆದರಿದಳು, "ಬ್ಯಾಡ ಬೇ ಯವ್ವಾ, ಧಣಿ ನೋಡಿದ್ರ ನನ್ನ ಕೂಲಿ ಹೋಗ್ತೈತಿ," ಅಂದಳು. ನಿಮ್ಮ ಕಾಕಾ ನೋಡಿದ. ಒಂದು ವಾರ ನನ್ನ ಕೈಯ ರೊಟ್ಟಿ ತಿನ್ನಲಿಲ್ಲ. ಆಮೇಲೆ ಹಸಿವಾಯಿತು, ತಿಂದ.

ಪಡಸಾಲೆಯವರೆಗೆ ನಾನು ಅವಳನ್ನು ತಂದಿಲ್ಲ. ನನ್ನ ಕೈಯಲ್ಲಿ ಆದಷ್ಟು ಬರೆದಿದ್ದೇನೆ, ಆಗದ್ದನ್ನು ಆಯಿತೆಂದು ಬರೆಯುವುದಿಲ್ಲ.

ಸಮಾಧಾನ ಇರುವವರನ್ನು ಕಂಡರೆ ಅನುಮಾನ ಎಂದೆ. ನನಗೆ ಸಮಾಧಾನ ಇದೆ ಸೌಂದರ್ಯಾ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದೆ. ನಿಮ್ಮಪ್ಪ ತೀರಿದ ವರ್ಷ ನಿನಗೆ ನೆನಪಿರಬೇಕು, ನೀನು ಶಾಲೆಗೆ ಹೋಗುತ್ತಿದ್ದೆ. ಅವರ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡಿ ಬಂದರು. ಮನೆ ತುಂಬ ಜನ ಇದ್ದರು, ಆಮೇಲೆ ಎಲ್ಲರೂ ಹೋದರು. ಆಗ ನನ್ನ ಎದೆಯ ಮೇಲಿನ ಲಿಂಗದ ಭಾರ, ಇವನ ಭಾರ ಗೊತ್ತಾಯಿತು. ಒಂದು ನಿಂಬೆಹಣ್ಣಿನಷ್ಟು ಭಾರ. ಅಲ್ಲಿಯವರೆಗೆ ಇದ್ದದ್ದೇ, ನಾನು ಗಮನಿಸಿರಲಿಲ್ಲ. ರೊಟ್ಟಿ ಬಡಿಯುವಾಗ ಅಲುಗುತ್ತಾನೆ. ಬಾಗಿದರೆ ಬಾಗುತ್ತಾನೆ. ಯಾರೂ ಇಲ್ಲ ಎಂದು ಅಳಲು ಕೂತರೆ, ಇದ್ದೇನೆ ಎಂದು ಎದೆಗೆ ತಾಗುತ್ತಾನೆ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಇಷ್ಟರಲ್ಲೇ ನನ್ನ ದಿನ ನಡೆಯುತ್ತದೆ.

ನೀನು ಕೂರಲು ಆಗುತ್ತಿಲ್ಲ ಎಂದು ಬರೆದದ್ದನ್ನು ಬಹಳ ಸಲ ಓದಿದೆ.

ಅವ್ವ
ಗೌರಾಬಾಯಿ


ಐನಾಪುರ
9 ಸೆಪ್ಟೆಂಬರ್ 2024

ಅಕ್ಕಾ,

ನಾನು ದುಂಡೇಶ. ಪತ್ರ ಬರೆಯುವುದು ಇದೇ ಮೊದಲು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕಿ ಜಗಳ ತೆಗೆಯುತ್ತೀ, ಪೂರ್ತಿ ಕೇಳುವುದಿಲ್ಲ. ದೊಡ್ಡವ್ವನಿಗೆ ನಾನು ಬರೆದದ್ದು ಗೊತ್ತಿಲ್ಲ.

ದೊಡ್ಡವ್ವನ ದನಿ ಹೋಗಿದೆ. ಗಂಟಲು ಕೆಟ್ಟದ್ದಲ್ಲ, ಥಂಡಿಯಲ್ಲ. ಕೊರಳಲ್ಲಿ ಗಡ್ಡೆ ಎದ್ದಿದೆ. ಫೋನ್ ಬೇಡ ಅಂದದ್ದು ಸಿಟ್ಟಿಗಲ್ಲ, ಮಾತಾಡಿದರೆ ನಿನಗೆ ತಿಳಿಯುತ್ತದೆ ಎಂದು. ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದಳು. ಸೆರಗನ್ನು ಕೊರಳ ಸುತ್ತ ಹೊದ್ದು ಇಷ್ಟು ದಿನ ಮುಚ್ಚಿಟ್ಟಳು. ಕಳೆದ ವಾರ ಅನ್ನ ನುಂಗಲು ಆಗದೆ ಕೆಮ್ಮಿದಾಗ ನಾನೇ ಎಳೆದುಕೊಂಡು ಮಿರಜದ ದವಾಖಾನೆಗೆ ಹೋದೆ. ಡಾಕ್ಟರು ನೋಡಿ, ಗಡ್ಡೆ ಬೆಳೆಯುತ್ತಿದೆ, ತಡ ಮಾಡಿದರೆ ಉಸಿರಿಗೇ ತೊಂದರೆ, ಒಂದು ತಿಂಗಳೊಳಗೆ ಆಪರೇಷನ್ ಮಾಡಬೇಕು ಅಂದರು. ದೊಡ್ಡವ್ವ ಸರಿ ಎಂದು ಗೋಣು ಹಾಕಿದಳು.

ಆಮೇಲೆ ನರ್ಸಬಾಯಿ ಬಂದು ಹೇಳಿದಳು: "ಕೊರಳಾಗಿಂದ ಎಲ್ಲಾ ಬಿಚ್ಚಬೇಕ್ರಿ ಅವತ್ತ. ಮಂಗಳಸೂತ್ರ, ಸರಾ, ಏನ ಇದ್ರೂ."

ದೊಡ್ಡವ್ವ ಸೆರಗಿನ ಮೇಲೆ ಕೈ ಒತ್ತಿ ಹಿಡಿದಳು. ನಾನು ಕೇಳಿದೆ, "ಲಿಂಗಾ ಐತ್ರಿ. ರಟ್ಟಿಗಿ ಕಟ್ಟಿದ್ರ ನಡೀತೈತೇನ್ರಿ?"

"ಒಂದ ಕೈಯಾಗ ಸಲಾಯಿನ್, ಇನ್ನೊಂದ ಕೈಗೆ ಬಿ.ಪಿ. ಪಟ್ಟಿ. ಮೈಮ್ಯಾಗ ಬೆಳ್ಳಿ ನಡೆಯಾಂಗಿಲ್ಲ, ದಾರಾನೂ ನಡೆಯಾಂಗಿಲ್ಲ. ಲಾಕರನ್ಯಾಗ ಇಡ್ರಿ, ಚೀಟಿ ಕೊಡ್ತೇವಿ."

ದೊಡ್ಡವ್ವ ನನ್ನ ಕಿವಿಯ ಹತ್ತಿರ ಬಂದು ಗಾಳಿಯಂಥ ದನಿಯಲ್ಲಿ, "ದೇವ್ರಿಗಿ ಚೀಟಿ ಹಚ್ಚತಾರೇನೋ ಯಪ್ಪಾ?" ಅಂದಳು. ಎದ್ದು ಹೊರಗೆ ಬಂದು ಜೀಪಿನಲ್ಲಿ ಕೂತಳು. ಆಪರೇಷನ್ ಬೇಡವಂತೆ. ಸತ್ತ ಮೇಲೂ ಅಂಗೈಯಲ್ಲಿಟ್ಟೇ ಕಳಿಸುತ್ತಾರೆ, ಬದುಕಿದ್ದಾಗ ಬಿಚ್ಚಿ ಎಲ್ಲಿಡಲಿ ಎಂದು ಪಾಟಿಯ ಮೇಲೆ ಬರೆದು ತೋರಿಸಿದಳು. ಅಪ್ಪ ಬೈದ, ಮನೆಗೆ ಬರುವ ಅಯ್ಯನವರು ಬಂದು ದೋಷವಿಲ್ಲ ಎಂದು ಹೇಳಿದರು. ಕೇಳುತ್ತಿಲ್ಲ. ನಮ್ಮ ಮನೆಯಲ್ಲಿ ಅವಳಿಗೆ ಮಾತು ಹೇಳಿ ಗೆದ್ದವಳು ನೀನೊಬ್ಬಳೇ.

ದುಂಡೇಶ


ನಿಪ್ಪಾಣಿ
12 ಸೆಪ್ಟೆಂಬರ್ 2024

ಅವ್ವಾ,

ದುಂಡೇಶನ ಮೇಲೆ ಸಿಟ್ಟಾಗಬೇಡ, ಎಲ್ಲ ಬರೆದಿದ್ದಾನೆ.

ಈಗಷ್ಟೇ ಫೋನ್ ಮಾಡಿದ್ದೆ. ಅವನು ನಿನ್ನ ಕಿವಿಗೆ ಹಿಡಿದ. ನಾನು ಅವ್ವಾ ಅವ್ವಾ ಎಂದು ಕೂಗಿದೆ. ಆ ಕಡೆಯಿಂದ ಉಸಿರು ಕೇಳಿಸಿತು, ಅಷ್ಟೇ. ಯುಗಾದಿಗೂ ಮೊದಲೇ ನಿನ್ನ ದನಿ ಒಡೆದಿತ್ತು. ದ್ರಾಕ್ಷಿಗೆ ಹೊಡೆಯುವ ಔಷಧಿಯ ಘಾಟು ಎಂದೆ, ನಾನು ನಂಬಿದೆ. ಊರಿನ ಅನ್ಯಾಯವೆಲ್ಲ ಕಾಣುವ ನನಗೆ ನಿನ್ನ ಕೊರಳು ಕಾಣಲಿಲ್ಲ. ಅವತ್ತು ಒಲೆಯ ಮುಂದೆ ನೀನು ಸುಮ್ಮನಿದ್ದದ್ದೂ ಅದಕ್ಕೇನಾ? ಹೇಳು. ನಾನು ಇಷ್ಟು ತಿಂಗಳು ನಿನ್ನ ಮೇಲೆ ಸಾಧಿಸಿದ ಸಿಟ್ಟು ಒಂದು ಗಡ್ಡೆಯ ಮೇಲಿನದೇ?

ಇರಲಿ. ಈಗ ಜಗಳಕ್ಕೆ ಬರುತ್ತೇನೆ. ನೀನು ತಪ್ಪು ಮಾಡುತ್ತಿದ್ದೀ.

ಅವನು ಎದೆಗೆ ತಾಗುತ್ತಾನೆ, ಅಷ್ಟರಲ್ಲೇ ನನ್ನ ದಿನ ನಡೆಯುತ್ತದೆ ಎಂದು ಬರೆದವಳು ನೀನು. ಅಷ್ಟು ಸಮಾಧಾನ ಇದ್ದವಳಿಗೆ ಈಗ ಯಾಕೆ ಹೆದರಿಕೆ? ನಿನ್ನ ದೇವರು ಎಂಥವನು? ದಾರ ಬಿಚ್ಚಿದರೆ ಎದ್ದು ಹೋಗುತ್ತಾನೆಯೇ? ಬಸ್ಸಿನ ಪ್ರಯಾಣಿಕನೇ, ಸ್ಟಾಪ್ ಬಂತೆಂದು ಇಳಿದು ನಡೆಯಲು? ಅಪ್ಪ ತೀರಿದಾಗ ಇದ್ದವನು, ಹೊಳೆ ಮನೆಯಂಗಳಕ್ಕೆ ಬಂದ ವರ್ಷ ಇದ್ದವನು, ಆಪರೇಷನ್ ಖೋಲಿಯ ಬಾಗಿಲಿಗೆ ಬಂದ ಕೂಡಲೇ ಚಪ್ಪಲಿ ಬಿಟ್ಟ ಹಾಗೆ ನಿನ್ನನ್ನು ಹೊರಗೆ ಬಿಡುತ್ತಾನೆಯೇ? ಅಂಥವನಾಗಿದ್ದರೆ ನನಗೆ ಮೊದಲೇ ಬೇಡ, ನಿನಗೂ ಬೇಡ. ಎಚ್ಚರ ತಪ್ಪಿದಾಗ ಅವನನ್ನು ನೆನೆಯಲು ಆಗುವುದಿಲ್ಲ ಎಂದು ಹೆದರುತ್ತೀ. ಗೊತ್ತು ನನಗೆ, ನೀನು ಬರೆಯದಿದ್ದರೂ. ಆದರೆ ನೀನು ನೆನೆದರೆ ಮಾತ್ರ ಅವನಿರುವುದೇ? ಮಗು ನಿದ್ದೆ ಹೋಯಿತೆಂದು ತಾಯಿ ಇಲ್ಲವಾಗುತ್ತಾಳೆಯೇ?

ಅವನು ನಿಜವಾಗಿ ಇರುವವನಾಗಿದ್ದರೆ ಬಿಚ್ಚಿದರೂ ಇರುತ್ತಾನೆ. ಜಗಲಿಯ ಮೇಲಿಟ್ಟರೂ ಇರುತ್ತಾನೆ. ಮರೆತರೂ, ಬೈದರೂ, ಕಲ್ಲು ಎಂದು ಕೂಗಿ ಮನೆ ಬಿಟ್ಟು ಹೋದವರ ಹಿಂದೆಯೂ

ಈ ಸಾಲನ್ನು ನಾನು ಮುಗಿಸುವುದಿಲ್ಲ. ಹರಿದು ಮತ್ತೆ ಬರೆಯೋಣವೆಂದರೆ ಅಂಚೆಯ ಹೊತ್ತಾಯಿತು. ಹೀಗೇ ಕಳಿಸುತ್ತಿದ್ದೇನೆ. ಆಪರೇಷನ್ ಮಾಡಿಸಿಕೋ ಅವ್ವಾ. ಕೈ ಮುಗಿಯುತ್ತೇನೆ.

ಸೌಂದರ್ಯಾ


ಐನಾಪುರ
20 ಸೆಪ್ಟೆಂಬರ್ 2024

ಸೌಂದರ್ಯಾಗೆ,

ನೀನು ಬಿಟ್ಟ ಸಾಲನ್ನು ನಾನು ಮುಗಿಸಿಕೊಂಡು ಓದಿದೆ.

ಒಲೆಯ ಮುಂದಿನ ಮಾತು ಕೇಳಿದ್ದೀ. ಅವತ್ತು ಬಾಯಿ ತೆರೆದದ್ದು ಹೌದು, ಗಾಳಿ ಬಂತು. ದನಿ ಇದ್ದಿದ್ದರೆ ನಿಮ್ಮ ಕಾಕಾನ ಎದುರು ಮಾತಾಡುತ್ತಿದ್ದೆನೋ ಇಲ್ಲವೋ, ಅದು ನನಗೂ ಗೊತ್ತಿಲ್ಲ. ಗಡ್ಡೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ.

ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಬಿಚ್ಚುತ್ತೇನೆ. ಆದರೆ ಲಾಕರಿನಲ್ಲಿ ಬೇಡ, ಮೇಜಿನ ಮೇಲೆ ಬೇಡ. ನಾನು ಒಳಗಿರುವಷ್ಟು ಹೊತ್ತು ಯಾರಾದರೂ ಎಡ ಅಂಗೈಯಲ್ಲಿ ಹಿಡಿದು ಕೂರಬೇಕು. ಕೆಳಗೆ ಇಡಬಾರದು. ಎದ್ದು ತಿರುಗಬಾರದು. ದುಂಡೇಶ ನಾನು ಹಿಡಿಯುತ್ತೇನೆ ಎಂದ. ಅವನ ಕೈಗೆ ಫೋನ್ ಬೇಕು.

ಅಕ್ಟೋಬರ್ ಮೂರು, ಗುರುವಾರ. ಮಿರಜಕ್ಕೆ ಬರಲು ನಮ್ಮ ಹೊಸ್ತಿಲು ತುಳಿಯಬೇಕಾಗಿಲ್ಲ.

ಅವ್ವ


ಮಿರಜ
3 ಅಕ್ಟೋಬರ್ 2024

ಅವ್ವಾ,

ನೀನು ಒಳಗಿದ್ದೀ. ನಾನು ಹೊರಗೆ ಮರದ ಬಾಕಿನ ಮೇಲೆ ಕೂತಿದ್ದೇನೆ. ಎಡಗೈ ನಿನ್ನ ಕೆಲಸದಲ್ಲಿದೆ, ಬಲಗೈ ಖಾಲಿ ಇದೆ, ಅದಕ್ಕೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬೆಳಿಗ್ಗೆ ನಿನಗೆ ಹಸಿರು ಅಂಗಿ ತೊಡಿಸಿದಾಗ ನಾನು ಎಡಗೈ ಚಾಚಿ ನಿಂತಿದ್ದೆ. ನೀನು ತಲೆ ಬಗ್ಗಿಸಿ ಒಂದು ದಾರ ತೆಗೆದೆ. ಆಮೇಲೆ ಇನ್ನೊಂದು ತೆಗೆದೆ. ನರ್ಸಬಾಯಿಯೂ ಬೆರಗಾದಳು.

"ಅಗ ಬಾಯಿ, ಎರಡ ಅದಾವ?"

ನಿನ್ನ ಹತ್ತಿರ ಉಳಿದಿದ್ದ ಅಷ್ಟೂ ದನಿಯಲ್ಲಿ ನೀನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಒಂದ ನಂದು. ಒಂದ ಬಿಟ್ಟ ಹ್ವಾದಾಕಿದು."

ಲಿಂಗವಿಡುವ ನೆಗ್ಗಿದ ಬೆಳ್ಳಿ ಕರಡಿಗೆ. ಸೈಕಲ್ ಮೇಲಿಂದ ಬಿದ್ದು ನಾನೇ ನೆಗ್ಗಿಸಿದ್ದು. ಪತ್ರದಲ್ಲಿ ಎರಡು ಸಲ ಕೇಳಿದ್ದೆ. ಹೊಳೆಗೆ ಬಿಟ್ಟರೂ ಏನೂ ಅನ್ನಿಸುವುದಿಲ್ಲ ಎಂದು ಬರೆದಿದ್ದೆ. ಆ ಹೊತ್ತಿಗೆ ಅದು ನಿನ್ನ ಎದೆಯ ಮೇಲಿತ್ತು. ನೀನು ರೊಟ್ಟಿ ಬಡಿಯುವಾಗ ಅಲುಗಿದ್ದು ಒಂದಲ್ಲ. ಊದಿದ ಕೊರಳಿಗೆ ಒಂದು ದಾರವೇ ಹೆಚ್ಚಾಗಿತ್ತು, ನೀನು ಎರಡು ಹೊತ್ತೆ.

ಎರಡನ್ನೂ ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳು ಮಡಿಚಿದೆ. ಬಾಗಿಲು ಮುಚ್ಚಿತು.

ಮೊದಲ ಹೊತ್ತು ಕಠಿಣವಾಯಿತು. ಎದ್ದುಬಿಡೋಣ ಅನ್ನಿಸಿತು, ಬಾಗಿಲಿಗೆ ಹೋಗಿ ಬರೋಣ, ಯಾರನ್ನಾದರೂ ಕೇಳೋಣ. ಸಂಘದಿಂದ ಫೋನ್ ಬಂತು, ಎತ್ತಲಿಲ್ಲ. ಕಾಲು ತಾನಾಗಿ ಕುಣಿಯತೊಡಗಿತು, ಒತ್ತಿ ಹಿಡಿದೆ. ಕೆಳಗೆ ಇಡಬಾರದು, ಎದ್ದು ತಿರುಗಬಾರದು ಎಂದು ನೀನು ಬರೆದದ್ದು ಲಿಂಗಕ್ಕಲ್ಲ ಅವ್ವಾ, ನನಗೆ. ಈಗ ತಿಳಿಯುತ್ತಿದೆ. ಕಳ್ಳಿ ನೀನು.

ಕಾಕಾ ಬಾಕಿನ ಆ ತುದಿಗೆ ಕೂತಿದ್ದಾನೆ. ನಡುವೆ ಎದ್ದು ಹೋಗಿ ಕ್ಯಾಂಟೀನಿನಿಂದ ಕಾಗದದ ಕಪ್ಪಿನಲ್ಲಿ ಎರಡು ಚಹಾ ತಂದ. ಇಲ್ಲಿ ಎಲ್ಲರಿಗೂ ಕಾಗದದ ಕಪ್ಪೇ, ಧಣಿಗೂ. ಒಂದನ್ನು ನನ್ನ ಮುಂದೆ ಹಿಡಿದ. ನನ್ನ ಅಂಗೈ ನೋಡಿದ.

"ಎರಡೂ ಅಕಿ ಕೊರಳಾಗ ಇದ್ದೂವು?"

ಗೋಣು ಹಾಕಿದೆ.

"ಮತ್ತ ಇಷ್ಟ ದಿನಾ ಮನ್ಯಾಗ ಯಾರಿಗೂ ಹೇಳಿಲ್ಲಲ್ಲೇ..." ಅಂದ. ಕಪ್ಪು ಹಿಡಿದೇ ನಿಂತ. ನನ್ನ ಒಂದು ಕೈಯಲ್ಲಿ ಲಿಂಗ, ಒಂದು ಕೈಯಲ್ಲಿ ಪೆನ್ನು. ಕೊನೆಗೆ ಕಪ್ಪನ್ನು ತಾನೇ ನನ್ನ ಬಾಯಿಗೆ ಹಿಡಿದ. ಕುಡಿದೆ. ಅವನನ್ನು ಕ್ಷಮಿಸಿಲ್ಲ ಅವ್ವಾ. ಬಾಯಾರಿತ್ತು.

ಈಗ ಒಂದು ಮಾತು ಬರೆಯಬೇಕು. ಇದನ್ನು ಯಾವ ಪುಸ್ತಕದಿಂದಲೂ ಎತ್ತಿಲ್ಲ. ನೀನು ಒಳಗೆ ಎಚ್ಚರವಿಲ್ಲದೆ ಮಲಗಿದ್ದೀ. ನಿನ್ನ ಕೊರಳು ಬರಿದಾಗಿದೆ. ನಿನಗೆ ಈಗ ಅವನ ನೆನಪಿಲ್ಲ. ಅವನಿಗೆ ನಿನ್ನ ನೆನಪಿದೆ. ಇದು ನನಗೆ ಹೇಗೆ ಗೊತ್ತು ಎಂದು ಕೇಳಿದರೆ ವಾದ ಮಾಡಲು ಬರುವುದಿಲ್ಲ. ಇಷ್ಟು ತಿಂಗಳು ನನ್ನ ಕೊರಳೂ ಬರಿದಾಗಿತ್ತು, ನನಗೂ ನೆನಪಿರಲಿಲ್ಲ. ಏನೂ ಇಲ್ಲದ ಎದೆಗೆ ನನ್ನ ಕೈ ಹೋಗುತ್ತಿದ್ದದ್ದು ಚಟವೆಂದು ಬರೆದೆನಲ್ಲ, ಅದು ಚಟವಲ್ಲ. ಬಿಟ್ಟು ಬಂದವಳು ನಾನು, ಅವನಲ್ಲ.

ಅಂಗೈ ಬೆವೆತಿದೆ. ಎರಡು ಕರಡಿಗೆಯೂ ಬಿಸಿಯಾಗಿವೆ, ಯಾವುದು ನಿನ್ನದು ಯಾವುದು ನನ್ನದು ಎಂದು ನೆಗ್ಗು ತಡವಿ ನೋಡದೆ ಹೇಳಲು ಆಗುವುದಿಲ್ಲ. ನಿನಗೆ ಏನಾಗುತ್ತದೋ ಎಂಬ ಹೆದರಿಕೆ ಹೋಗಿಲ್ಲ. ಇದ್ದಲ್ಲೇ ಇದೆ. ಆದರೆ ಹೆದರಿಕೆಯ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತ ಹಾಗಿದೆ. ನಾನು ಇಷ್ಟು ಹೊತ್ತು ಎದ್ದೇ ಇಲ್ಲ ಎಂಬುದು ಈಗ ಗೊತ್ತಾಯಿತು. ಸುಂದರಾಬಾಯಿಗೆ ಹೇಳಿದರೆ ನಂಬುವುದಿಲ್ಲ.

ಬಾಗಿಲು ತೆರೆಯುತ್ತಿದ್ದಾರೆ.

ನಿನ್ನ
ಸೌಂದರ್ಯಾ


ಐನಾಪುರ
14 ನವೆಂಬರ್ 2024

ಮಗಳು ಸೌಂದರ್ಯಾಗೆ ಅವ್ವನ ಆಶೀರ್ವಾದ.

ಹೊಲಿಗೆಯ ಗಾಯ ಒಣಗಿದೆ. ಗಡ್ಡೆ ಕೆಟ್ಟದ್ದಲ್ಲವೆಂದು ಕಾಗದ ಬಂತು, ದುಂಡೇಶ ನಿನಗೆ ತಿಳಿಸಿರುತ್ತಾನೆ. ಅನ್ನ ನುಂಗುತ್ತೇನೆ, ಬಿಸಿ ರೊಟ್ಟಿಯೂ ಇಳಿಯುತ್ತದೆ.

ಎರಡನೆಯ ಚಾಟ್ನಿಯಾದ ಬಳ್ಳಿಗಳು ಚಿಗುರಿ ಹೂಗೊನೆ ಕಾಣಿಸುತ್ತಿವೆ. ನಿಮ್ಮ ಕಾಕಾ ಈಗಲೂ ತನ್ನ ಲೋಟ ಬೇರೆ ಇಟ್ಟುಕೊಳ್ಳುತ್ತಾನೆ. ನಮ್ಮ ಲೋಟವನ್ನು ಒಗೆಯುವುದಿಲ್ಲ. ಮೊನ್ನೆ ಮಳೆ ಬಂದಾಗ ಲಗಮವ್ವನನ್ನು ನಾನು ಪಡಸಾಲೆಗೆ ಕರೆದೆ. ಹೊಸ್ತಿಲಿನವರೆಗೆ ಬಂದು ನಿಂತಳು, ಒಳಗೆ ಕಾಲಿಡಲಿಲ್ಲ. "ಸೌಂದರ್ಯವ್ವ ಬರ್ಲಿ ಬೇ, ಇಬ್ರೂ ಕೂಡೇ ತುಳಿತೇವಿ," ಅಂದಳು. ಮಳೆ ನಿಲ್ಲುವವರೆಗೆ ನಾನೂ ಅವಳ ಜೊತೆ ಹೊರಗೇ ನಿಂತೆ. ಇಬ್ಬರೂ ನೆನೆದೆವು. ನೀನು ಬಂದು ಮಾಡಬೇಕಾದ ಜಗಳ ಇನ್ನೂ ಬಾಕಿ ಇದೆ. ಬಾ, ಮಾಡು. ಉಂಡು ಮಾಡು.

ದವಾಖಾನೆಯಲ್ಲಿ ನನಗೆ ಎಚ್ಚರವಾದಾಗ ನನ್ನದನ್ನು ನೀನು ನನ್ನ ಅಂಗೈಯಲ್ಲಿಟ್ಟೆ. ಇನ್ನೊಂದರ ಮಾತು ನಾನು ಎತ್ತಲಿಲ್ಲ, ನೀನೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನಿಮ್ಮ ಕಾಕಾ ಕೇಳಿದ, ಕಟ್ಟಿಕೊಂಡಳೋ ಇಲ್ಲವೋ ಎಂದು. ಗೊತ್ತಿಲ್ಲ ಅಂದೆ.

ಸುಳ್ಳು ಹೇಳಿದೆ. ನೀನು ಮಿರಜದಿಂದ ನಿಪ್ಪಾಣಿಗೆ ಹೊರಟ ದಿನ ನನ್ನನ್ನು ದವಾಖಾನೆಯ ಕಿಟಕಿಯ ಹತ್ತಿರ ಕೂರಿಸಿದ್ದರು. ಬಸ್ಸು ಬಂತು, ನೀನು ಹತ್ತಿದೆ, ಬಾಗಿಲಲ್ಲೇ ನಿಂತಿದ್ದೆ. ತಿರುವಿನಲ್ಲಿ ಯಾರೋ ಅಡ್ಡ ಬಂದರೆಂದು ಡ್ರೈವರ್ ಬ್ರೇಕ್ ಹಾಕಿದ. ನಿನ್ನ ಕೈ ಎದೆಗೆ ಹೋದದ್ದು ಕಂಡಿತು. ಅಲ್ಲೇ ನಿಂತಿತು. ಬಸ್ಸು ಮರೆಯಾಗುವವರೆಗೂ ಅಲ್ಲೇ ಇತ್ತು.

ದನಿ ಇನ್ನೂ ಪೂರ್ತಿ ತಿರುಗಿಲ್ಲ. ನಿನ್ನೆ ಲಗಮವ್ವನನ್ನು ತೋಟದಾಚೆಯಿಂದ ಹೆಸರು ಹಿಡಿದು ಕರೆದೆ, ಕೇಳಿಸಿತಂತೆ.

ಇನ್ನು ಪತ್ರ ಬೇಡ. ಫೋನ್ ಮಾಡು.

ಅವ್ವ
ಗೌರಾಬಾಯಿ